ಹಾಸುಹೊಕ್ಕಿನ ಪಾಸ್‌ವರ್ಡ್

ನನ್ನ ಹೆಸರು, ಪಾಸ್‌ವರ್ಡ್ ಎರಡನ್ನೂ ಐದು ಸಲ ಒತ್ತಿದ್ದೆ. ಐದು ಸಲವೂ ಪರದೆಯ ಮೇಲೆ ಅದೇ ಉತ್ತರ: ಲಾಗಿನ್ ತಪ್ಪು. ಹಾಳಾದ್ದು! ಹನ್ನೊಂದಕ್ಕೆ ಮುದಲಾಳಿ ಬರುವವರಿದ್ದರು. ನಮ್ಮ ಗಿರಣಿಯ ಮಾಲೀಕರನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆ.

ಎಂಬತ್ತರ ದಶಕದ ಕೊನೆ ಅದು. ಸಿಂಗಾನಲ್ಲೂರಿನ ಗಿರಣಿಯಲ್ಲಿ ಯುನಿಕ್ಸ್ ಕಂಪ್ಯೂಟರ್, ನಾನಿದ್ದ ಆರ್.ಎಸ್. ಪುರಂ ಆಫೀಸಿನಲ್ಲಿ ಪರದೆ, ಕೀಬೋರ್ಡು ಮಾತ್ರ ಇರುವ ಒಂದು ಟರ್ಮಿನಲ್, ನಡುವೆ ಟೆಲಿಫೋನ್ ಲೈನು. ಇಲ್ಲಿ ಕೂತು ಅಲ್ಲಿಯ ಮೆಷೀನಿನೊಳಗೆ ಹೋಗಬೇಕು. ಅದಕ್ಕೆಂದೇ ನನ್ನನ್ನು ಆರು ತಿಂಗಳ ಟ್ರೈನಿಯಾಗಿ ತೆಗೆದುಕೊಂಡಿದ್ದರು. ಆ ಆರು ತಿಂಗಳು ಅವತ್ತಿಗೆ ಮುಗಿಯುತ್ತಿತ್ತು. ಮುದಲಾಳಿ ಮುಂಚೆಯೇ ಹೇಳಿಬಿಟ್ಟಿದ್ದರು: ಲೈನ್ ಓಡಿದರೆ ಪರ್ಮನೆಂಟ್, ಓಡದಿದ್ದರೆ ಟರ್ಮಿನಲ್ಲೂ ವಾಪಸ್, ನೀನೂ ನಿನ್ನೂರು ನೆಗಮಂಗೆ ವಾಪಸ್.

ಪಕ್ಕದಲ್ಲಿದ್ದವರು ಮೆಷೀನ್ ಮಾರಿದ ಕಂಪನಿಯ ಇಂಜಿನಿಯರ್. ಮೂರು ದಿನದಿಂದ ನಾವಿಬ್ಬರೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆವು. ಅವರ ಹೆಸರು ಹಾಕಿದರೆ ಅದೇ ಲೈನು ತೆಪ್ಪಗೆ ಒಳಗೆ ಬಿಡುತ್ತಿತ್ತು. ಗಿರಣಿಯಲ್ಲೇ ಕೂತು ಒತ್ತಿದರೆ ನನ್ನದೂ ಸರಿ. ಇಲ್ಲಿ ಮಾತ್ರ ನನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಕೀಬೋರ್ಡಿಗೆ ಎರಡು ಬಿಡಬೇಕು ಅನ್ನಿಸುವಷ್ಟು ಸಿಟ್ಟು ಬಂತು.

ನಾನು ಗಾಬರಿಯಲ್ಲಿ ತಪ್ಪು ಅಕ್ಷರ ಒತ್ತುತ್ತಿದ್ದೇನೆ ಎಂದು ಇಂಜಿನಿಯರ್‌ಗೆ ಅನುಮಾನ. ತಮ್ಮ ಹೆಸರಿನಲ್ಲಿ ಒಳಹೋಗಿ, ಒತ್ತಿದ್ದನ್ನು ಮೆಷೀನು ತಿರುಗಿ ತೋರಿಸುವ ಹಾಗೆ ಮಾಡಿದರು. ನಿಮ್ಮ ಪಾಸ್‌ವರ್ಡನ್ನು ಇಲ್ಲಿ ಒತ್ತಿ, ಆಮೇಲೆ ಬೇಕಾದರೆ ಬದಲಾಯಿಸಿಕೊಳ್ಳಿ ಎಂದರು.

ನಾಚಿಕೆಯಾಯಿತು. ನನ್ನ ಪಾಸ್‌ವರ್ಡ್ ಮನೆಯ ಮಾತು. ನಾವು ನೆಗಮಂನಲ್ಲಿ ತಲೆತಲಾಂತರದಿಂದ ಸೀರೆ ನೇಯುವವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಈ ಕನ್ನಡ ಲಿಪಿ ನಾನು ಕಲಿತದ್ದು ಬಹಳ ತಡವಾಗಿ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಹಾಸುಹೊಕ್ಕು ಎಂದು ಇಟ್ಟುಕೊಂಡಿದ್ದೆ, ಮಗ್ಗದ ಉದ್ದದೆಳೆ, ಅಡ್ಡದೆಳೆ. ನಡುವೆ # ಗುರುತು. ಎರಡು ಎಳೆಯ ಮೇಲೆ ಎರಡು ಎಳೆ, ಥೇಟ್ ನೇಯ್ಗೆಯೇ! ಆ ಜಾಣತನಕ್ಕೆ ಒಳಗೊಳಗೇ ಬೀಗಿದ್ದೆ.

hasu#hokku ಎಂದು ಒತ್ತಿದೆ. ಮೆಷೀನು ತನಗೆ ಕೇಳಿಸಿದ್ದನ್ನು ಕೆಳಗಿನ ಸಾಲಿನಲ್ಲಿ ತೋರಿಸಿತು: hashokku.

ಇಂಜಿನಿಯರ್ ಕುರ್ಚಿಯಿಂದ ಅರ್ಧ ಎದ್ದರು. "ಅರೆ! ಇದೇನ್ರೀ, ಹಾಸುಹೊಕ್ಕಾ? 'ಸು'ಗಿದ್ದ ಕೊಂಬು ಎಲ್ಲೋಯ್ತು?"

ಕನ್ನಡ! ಅದೂ ಮೈಸೂರು ಕಡೆಯದು! "ಕೊಂಬಾ? ನಾ ಹಸು ಅಂತ ಬರೀಲಿಲ್ಲ ಸಾರ್," ಎಂದೆ ನಾನೂ ಮನೆಯ ಮಾತಿನಲ್ಲಿ. ಅವರು ಬಿದ್ದು ಬಿದ್ದು ನಕ್ಕರು. ಉಕಾರದ ಗುರುತಿಗೆ ಕೊಂಬು ಎನ್ನುತ್ತಾರಂತೆ, ನನಗೇನು ಗೊತ್ತು?

ನಗುತ್ತಲೇ ಹೊಳೆಯಿತು. # ಇಲ್ಲ, ಅದರ ಹಿಂದಿನ u ಕೂಡ ಇಲ್ಲ. ಮೆಷೀನಿನ ಜೊತೆ ಬಂದ ದಪ್ಪ ಪುಸ್ತಕದಲ್ಲಿ ಓದಿದ್ದೆ: ಹಳೆಯ ಪದ್ಧತಿಯಲ್ಲಿ # ಎಂದರೆ ಹಿಂದಿನ ಅಕ್ಷರ ಅಳಿಸು ಎಂದರ್ಥ. ಗಿರಣಿಯ ಟರ್ಮಿನಲ್‌ಗಳಲ್ಲಿ ಅಳಿಸಲು ಬೇರೆ ಕೀ ಇಟ್ಟಿದ್ದರು. ಈ ಹೊಸ ಲೈನಿನ ಸೆಟ್ಟಿಂಗನ್ನು ಯಾರೂ ಮುಟ್ಟಿರಲಿಲ್ಲ. ನನ್ನ ನೇಯ್ಗೆಯೇ ನನ್ನ ಎಳೆ ತಿನ್ನುತ್ತಿತ್ತು!

ಅಷ್ಟರಲ್ಲಿ ಮುದಲಾಳಿ ಬಂದೇಬಿಟ್ಟರು. "ಎನ್ನಮ್ಮಾ, ಲೈನ್ ಓಡುದಾ?"

ಸೆಟ್ಟಿಂಗ್ ಬದಲಿಸಲು ಗಿರಣಿಗೆ ಹೋಗಬೇಕು, ಹೊತ್ತಿಲ್ಲ. #ಗೆ ಮುಂಚೆ ಒಂದು ಓರೆಗೆರೆ ಹಾಕಿದರೆ ಅದನ್ನು ಬರೀ ಗುರುತೆಂದೇ ತೆಗೆದುಕೊಳ್ಳುತ್ತದೆ, ಅದನ್ನೂ ಓದಿದ್ದೆ. ಇಂಜಿನಿಯರ್ ತಮ್ಮ ಲಾಗಿನ್‌ನಿಂದ ಹೊರಬಂದರು, ನಾನು ನನ್ನ ಹೆಸರು ಹಾಕಿ hasu\#hokku ಎಂದು ಒತ್ತಿದೆ. ಪರದೆಯ ಮೇಲೆ ಬಂತು ಸ್ವಾಗತದ ಸಾಲು! "ಬಂತು ಸಾರ್, ಬಂತು!" ಎಂದು ಮುದಲಾಳಿಯ ಮುಂದೆಯೇ ಕನ್ನಡದಲ್ಲಿ ಕೂಗಿಬಿಟ್ಟೆ.

ಮಧ್ಯಾಹ್ನ ಗಿರಣಿಗೆ ಹೋಗಿ ಸೆಟ್ಟಿಂಗ್ ಸರಿ ಮಾಡಿದೆವು, ಪಾಸ್‌ವರ್ಡನ್ನೂ ಬದಲಾಯಿಸಿದೆ. ಭಾನುವಾರ ನೆಗಮಂಗೆ ಓಡಿದೆ. ಅಪ್ಪ ಮಗ್ಗದಲ್ಲಿದ್ದರು. ಅವರ ಕನ್ನಡದಲ್ಲಿ ತಮಿಳೂ ಬೆರೆತಿರುತ್ತದೆ: ಮುದ್ದಿಗೆ ಕಣ್ಣು, ಕೆಲಸಕ್ಕೆ ವೇಲೆ.

"ಏನ್ ಕಣ್ಣು, ವೇಲೆ ಉಳೀತಾ?"

"ಉಳೀತಪ್ಪಾ! ಪರ್ಮನೆಂಟು!" ಎಂದು ಒಂದೇ ಉಸಿರಿಗೆ ನಡೆದದ್ದನ್ನೆಲ್ಲ ಹೇಳಿದೆ.

ಅಪ್ಪ ಕಡಿದುಹೋಗಿದ್ದ ಒಂದು ಎಳೆಗೆ ಗಂಟು ಹಾಕುತ್ತ ನಕ್ಕರು. "ಒಂದೆಳೆ ಹೋಗಿತ್ತು, ಅದ ಕಂಡ್‌ಹಿಡ್ದೆ, ಅಷ್ಟೇ ಅಲ್ವಾ ಕಣ್ಣು? ನಾ ದಿನಕ್ಕೆ ಹತ್ತೆಳೆ ಕಟ್ತೀನಿ. ನಲವತ್ತು ವರ್ಷ ಆಯ್ತು, ನನ್ನ ಯಾರು ಪರ್ಮನೆಂಟ್ ಮಾಡಿದ್ರು?"