ದಮಯಂತಿಯಕ್ಕನ ಮುಚ್ಚದ ಟ್ಯಾಬುಗಳು

ಹೊಸಂಗಡಿಯ ಬಸ್‌ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿ ದಮಯಂತಿಯಕ್ಕನ ಹೊಲಿಗೆ ಅಂಗಡಿ. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಅವರು ಮಾತಾಡುತ್ತಾರೆ. ಆದರೂ ಬೈಗುಳದ ಒಂದು ಅಕ್ಷರವೂ ತೊದಲುವುದಿಲ್ಲ. ಮಗಳಿಗೆ ಎಂಟು ತಿಂಗಳಾದ ಮೇಲೆ ನಾನು ಬೆಳಿಗ್ಗೆ ಎರಡು ಗಂಟೆ ಅಲ್ಲಿಗೆ ಹೋಗಿ ಹುಕ್ಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚುತ್ತೇನೆ. ಮಗಳು ತುಂಡುಬಟ್ಟೆಯ ಬುಟ್ಟಿಯಲ್ಲಿ ಮಲಗುತ್ತಾಳೆ. ಮನೆಯ ತೊಟ್ಟಿಲಿನಲ್ಲಿ ಬಾರದ ನಿದ್ದೆ ಮೆಷಿನ್ನಿನ ಸದ್ದಿನಲ್ಲಿ ಹೇಗೆ ಬರುತ್ತದೋ, ಅವಳಿಗೇ ಗೊತ್ತು.

ಅಂಗಡಿಯ ಗೋಡೆಯಿಂದ ಗೋಡೆಗೆ ಒಂದು ಹಗ್ಗ. ಹೊಲಿಯಲು ಬಾಕಿ ಇರುವ ಬಟ್ಟೆಗಳೆಲ್ಲ ಅದರ ಮೇಲೆ, ಒಂದೊಂದಕ್ಕೂ ಒಂದೊಂದು ಚೀಟಿ ಚುಚ್ಚಿಕೊಂಡು ತೂಗುತ್ತವೆ. ಒಳಗೆ ಬಂದವರು ತಲೆ ತಗ್ಗಿಸಿಯೇ ಬರಬೇಕು. ಕಪಾಟು ಇದೆ, ಆದರೆ ಅದು ಮುಗಿದ ಬಟ್ಟೆಗೆ ಮಾತ್ರ. ಕಣ್ಣಿಗೆ ಕಾಣದ ಕೆಲಸ ಕೈಗೆ ಬರುವುದಿಲ್ಲ ಎಂಬುದು ದಮಯಂತಿಯಕ್ಕನ ಇಪ್ಪತ್ತೆರಡು ವರ್ಷದ ಸಿದ್ಧಾಂತ.

ಅವರ ಗಂಡ ಲೋಕಯ್ಯಣ್ಣ ಆಟೋ ಓಡಿಸುವವರು. ಉಪ್ಪಳದಲ್ಲಿ ಮುಚ್ಚಿಹೋದ ಇಂಟರ್‌ನೆಟ್ ಅಂಗಡಿಯೊಂದರಿಂದ ಹಳೆಯ ಕಂಪ್ಯೂಟರೊಂದನ್ನು ಅದೇ ಆಟೋದಲ್ಲಿ ಹೇರಿ ತಂದರು. ಅಂದಿನಿಂದ ಗಿರಾಕಿಗಳು ಅದರ ಮುಂದೆ ಕುಳಿತು ರವಿಕೆಯ ಮಾದರಿ ಹುಡುಕುವುದು ಶುರುವಾಯಿತು. ಒಬ್ಬೊಬ್ಬರು ಆರಿಸಿದ ಪುಟವನ್ನೂ ದಮಯಂತಿಯಕ್ಕ ಹಾಗೆಯೇ ತೆರೆದಿಟ್ಟು, ಸಂಜೆ ಕಂಪ್ಯೂಟರನ್ನು ಬಂದ್ ಮಾಡದೆ ಮಲಗಿಸಿ ಹೋಗುತ್ತಿದ್ದರು. ಬೆಳಿಗ್ಗೆ ಎಬ್ಬಿಸಿದರೆ ಎಲ್ಲವೂ ಇದ್ದಲ್ಲೇ.

2013ರ ನವೆಂಬರ್ ಹೊತ್ತಿಗೆ ಹೀಗೆ ತೆರೆದಿದ್ದ ಟ್ಯಾಬುಗಳು ಮೂವತ್ತೆಂಟು. ಹಳೆಯ ಬ್ರೌಸರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಒಂದು ರವಿಕೆಗೆ ಹುಕ್ಸ್ ಹಾಕಿ ಮುಗಿಯುತ್ತಿತ್ತು. ಅದು ಸಾಲದು ಎಂಬಂತೆ ಕರೆಯದೆ ಬರುವ ಜಾಹೀರಾತುಗಳು. ಒಮ್ಮೆ ದೇವಕಿ ಟೀಚರ ಸೊಂಟಕ್ಕೆ ಟೇಪು ಸುತ್ತಿದ ಕ್ಷಣದಲ್ಲೇ ಹದಿನೈದು ದಿನದಲ್ಲಿ ತೂಕ ಇಳಿಸಿಕೊಳ್ಳಿ ಎಂಬ ಜಾಹೀರಾತು ಪರದೆ ತುಂಬ ಬಂತು.

"ನೀವೇ ಹೇಳಬಹುದಿತ್ತು ದಮಯಂತಿ, ಕಂಪ್ಯೂಟರಿನ ಹತ್ತಿರ ಯಾಕೆ ಹೇಳಿಸಿದ್ದು?" ಎಂದರು ಟೀಚರ್.

ಅವರು ಹೋದ ಮೇಲೆ ನಾನು ಬಾಯಿ ಹಾಕಿದೆ. "ಅಕ್ಕ, ಬ್ರೌಸರ್ ಬದಲಾಯಿಸುವ. ಫೈರ್‌ಫಾಕ್ಸ್ ಅಂತ ಒಂದು ಉಂಟು. ಇಂಥದ್ದನ್ನೆಲ್ಲ ಒಳಗೆ ಬಿಡುವುದಿಲ್ಲ."

"ಎಷ್ಟು ಕೊಡಬೇಕು?"

"ಎಂತ ಇಲ್ಲ. ಪುಕ್ಕಟೆ."

"ಪುಕ್ಕಟೆ ಕೊಡುವವನ ಮೆಷಿನ್ನನ್ನು ನಾನು ಎರಡು ಸಲ ನೋಡುತ್ತೇನೆ," ಎಂದು ಅವರು ಸೂಜಿಗಳನ್ನು ಬಾಯಿಂದ ತೆಗೆದಿಟ್ಟರು. ಅಂದರೆ ವಿಷಯ ಗಂಭೀರವಾಯಿತು ಎಂದರ್ಥ.

ಹೊಸದನ್ನು ಹಾಕಿದ ದಿನ ಅವರು ಮಾಡಿದ ಪರೀಕ್ಷೆ ನನ್ನ ಡೈರಿಯ ಎರಡು ಪುಟ ತಿಂದಿದೆ. ಪರದೆಯ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಎರಡರಲ್ಲೂ ಒಂದೇ ರವಿಕೆ ಹುಡುಕಬೇಕು. ಗಡಿಯಾರ ಬೇಡವಂತೆ. ಪುಟ ತೆರೆಯುವವರೆಗೆ ಅವರು ಮೆಷಿನ್ ತುಳಿಯುತ್ತಾರೆ, ಎಷ್ಟು ಉದ್ದ ಹೊಲಿಗೆ ಬಿತ್ತೋ ಅದೇ ಲೆಕ್ಕ. ಹಳೆಯದು ತೆರೆಯುವಷ್ಟರಲ್ಲಿ ಒಂದು ಲಂಗದ ಅಂಚು ಪೂರ್ತಿ ಸುತ್ತು ಬಂತು. ಹೊಸದಕ್ಕೆ ಒಂದು ಗೇಣು.

"ವೇಗ ಉಂಟು," ಎಂದು ಒಪ್ಪಿದರು. "ಓಡುವ ಮೆಷಿನ್ ಎಲ್ಲ ಒಳ್ಳೆಯದೇ ಅಂತ ಇಲ್ಲ. ಬೇರೆ ಎಂತ ಉಂಟು?"

ಹೆಸರಿನ ಒಂದು ತುಂಡು ಟೈಪು ಮಾಡಿದರೆ ಹಿಂದೆ ನೋಡಿದ ಪುಟವನ್ನು ತಾನೇ ನೆನಪು ಮಾಡಿಕೊಡುತ್ತದೆ ಎಂದು ತೋರಿಸಿದೆ. ಮೆಚ್ಚಿದರು. ಗುರುತೇ ಉಳಿಯದ ಗುಟ್ಟಿನ ಕಿಟಕಿಯೊಂದನ್ನು ತೋರಿಸಿದೆ.

"ರವಿಕೆ ನೋಡಲಿಕ್ಕೆ ಗುಟ್ಟು ಎಂತಕ್ಕೆ ಮಾರಾಯ್ತಿ? ಅದನ್ನು ನಮ್ಮ ಯಜಮಾನರಿಗೆ ತೋರಿಸಬೇಡ."

ಕೊನೆಗೆ ನಕ್ಷತ್ರದ ಗುರುತು ತೋರಿಸಿ, ಇದನ್ನು ಒತ್ತಿದರೆ ಪುಟ ಒಳಗೆ ಜೋಪಾನವಾಗಿರುತ್ತದೆ, ಟ್ಯಾಬು ತೆರೆದಿಡಬೇಕಾಗಿಲ್ಲ ಎಂದೆ. ಅವರ ಮುಖ ಸಣ್ಣದಾಯಿತು.

"ಒಳಗೆ ಅಂದರೆ ಕಪಾಟು. ನನಗೆ ಹಗ್ಗ ಬೇಕು."

ಆ ಮಾತನ್ನು ನಾನು ತಮಾಷೆ ಎಂದುಕೊಂಡು ನಕ್ಕುಬಿಟ್ಟೆ. ನನ್ನ ತಪ್ಪು ಶುರುವಾದದ್ದು ಅಲ್ಲಿ.

ಮರುದಿನ ಅವರು ನೂಲು ತರಲು ಮಂಗಳೂರಿಗೆ ಹೋದರು. ಮಗಳು ಬುಟ್ಟಿಯಲ್ಲಿ ನಿದ್ದೆ ಹೋಗಿದ್ದಳು. ಕೈ ಖಾಲಿ ಇತ್ತು. ಅಡುಗೆಮನೆಯಲ್ಲಿ ಎಂಜಲು ಪಾತ್ರೆ ಬಿಟ್ಟು ಮಲಗಲಾರದವಳು ನಾನು. ಹಳೆಯ ಬ್ರೌಸರಿನ ಮೂವತ್ತೆಂಟು ಟ್ಯಾಬುಗಳು ನನ್ನ ಕಣ್ಣಿಗೆ ಹಾಗೆಯೇ ಕಂಡವು. ಎಲ್ಲವನ್ನೂ ಮುಚ್ಚಲೇ ಎಂದು ಅದು ಕೇಳಿತು, ಹೌದು ಎಂದೆ. ಹಿಂದೆ ನೋಡಿದ ಪುಟಗಳ ಪಟ್ಟಿ ಇರುವ ಅದರ ಹಿಸ್ಟರಿಯನ್ನೂ ಒರೆಸಿದೆ. ಪರದೆ ತೊಳೆದ ಬಟ್ಟಲಿನಂತೆ ಹೊಳೆಯಿತು. ಅಕ್ಕ ಬಂದು ಹೊಗಳುತ್ತಾರೆ ಎಂದು ಕಾದೆ.

ಅಕ್ಕ ಬಂದರು, ನೋಡಿದರು, ನೂಲಿನ ಚೀಲ ಕೆಳಗಿಟ್ಟರು.

"ಎಲ್ವಿಟಾದ್ದು ಎಲ್ಲಿ?"

ಎಲ್ವಿಟಾ ಮಂಜೇಶ್ವರದ ಬೆನೆಡಿಕ್ಟಾ ಬಾಯಮ್ಮನ ಮಗಳು, ಮಂಗಳೂರಿನಲ್ಲಿ ನರ್ಸ್. ಮದುವೆಗೆ ಇನ್ನು ಆರೇ ದಿನ. ನಮ್ಮ ಕಡೆಯ ಕ್ರೈಸ್ತರ ಮದುವೆಯಲ್ಲಿ ಮದುಮಗಳು ಉಡುವ ಕೆಂಪು ಸೀರೆಗೆ ಸಾಡೊ ಎನ್ನುತ್ತಾರೆ. ಎಲ್ವಿಟಾ ಉಡಲಿರುವುದು ತೀರಿಹೋದ ಅಜ್ಜಿಯ ಸಾಡೊವನ್ನು. ರವಿಕೆಗೆಂದು ಅದೇ ಸೀರೆಯ ಒಳತುದಿಯಿಂದ ಕತ್ತರಿಸಿಟ್ಟ ತುಂಡು ಹಗ್ಗದ ಮೇಲೆ ತೂಗುತ್ತಿತ್ತು. ಅಂಥದ್ದು ಇನ್ನೊಂದು ತುಂಡು ಲೋಕದಲ್ಲಿಲ್ಲ. ಕತ್ತರಿ ತಪ್ಪಿದರೆ ಮುಗಿಯಿತು. ಆಕೆ ಒಂದು ಗಂಟೆ ಹುಡುಕಿ ಆರಿಸಿದ ಮಾದರಿ ಆ ಮೂವತ್ತೆಂಟರಲ್ಲಿ ಒಂದಾಗಿತ್ತು.

"ಅಕ್ಕ, ನಿಮಗೆ ನೆನಪಿಲ್ಲವಾ?"

"ಮೊದಲು ಎಲ್ಲ ನೆನಪಿರುತ್ತಿತ್ತು. ಈ ಪೆಟ್ಟಿಗೆ ಬಂದ ಮೇಲೆ ತಲೆಗೆ ರಜೆ ಕೊಟ್ಟಿದ್ದೆ. ಬೆನ್ನಿನಲ್ಲಿ ಎಲೆಯ ಆಕಾರದ ಒಂದು ಕಿಂಡಿ ಉಂಟು. ಎಲೆಯ ಮೊನೆ ಮೇಲೋ ಕೆಳಗೋ, ಅದು ಕೇಳಬೇಡ."

"ಫೋನು ಮಾಡಿ ಅವಳನ್ನೇ ಕೇಳಿದರೆ?"

"ಕೇಳಿ ಎಂತ ಹೇಳುವುದು? ಮದುವೆಗೆ ಆರು ದಿನ ಇರುವಾಗ ನಿನ್ನ ಅಜ್ಜಿಯ ಬಟ್ಟೆ ನನ್ನ ಕೈಯಲ್ಲುಂಟು, ಎಂತ ಮಾಡಬೇಕೂಂತ ಗೊತ್ತಿಲ್ಲ ಅಂತವಾ? ಆ ಹುಡುಗಿ ಆಸ್ಪತ್ರೆಯಲ್ಲೇ ಕೂತು ಅಳುತ್ತಾಳೆ." ಆಮೇಲೆ ಮೌಸನ್ನು ನನ್ನ ಕೈಯಿಂದ ತೆಗೆದು ಮೇಜಿನ ಆಚೆ ತುದಿಗೆ ಇಟ್ಟರು. "ನೀನು ಹುಕ್ಸ್ ಹೊಲಿ."

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬುಟ್ಟಿಯಲ್ಲಿ ಎದ್ದು ಕುಳಿತ ಮಗಳು ಹಗ್ಗದ ಕೆಂಪು ತುಂಡಿನ ಕಡೆ ಕೈಚಾಚಿ ನಗುತ್ತಿದ್ದಳು. ಅಕ್ಕ ಅದನ್ನು ತೆಗೆದು ಇನ್ನೂ ಎತ್ತರಕ್ಕೆ ಹಾಕಿದರು.

ಮನೆಗೆ ಹೋಗಿ, ಮಗಳಿಗೆ ರಾಗಿ ಸರಿ ತಿನ್ನಿಸುತ್ತ ಹಿಂದಿನ ದಿನ ಡೈರಿಯಲ್ಲಿ ಬರೆದದ್ದನ್ನು ತೆರೆದೆ. ಅದರಲ್ಲಿ ಒಂದು ಸಾಲು: ‘ಹಾಕುವಾಗ ಹೊಸದು ಎಂತೆಂತದೋ ಕೇಳಿತು, ಹಳೆಯದರಲ್ಲಿ ನೋಡಿದ್ದನ್ನೆಲ್ಲ ಇಲ್ಲಿಗೆ ತರಲೇ ಎಂದಿತು, ತಾ ಎಂದೆ.’ ಚಮಚ ಮಗಳ ಬಾಯಿಯ ಬದಲು ಕಿವಿಯ ಹತ್ತಿರ ಹೋಯಿತು.

ಮಗುವನ್ನು ಎತ್ತಿಕೊಂಡು ಮತ್ತೆ ಮಹಡಿ ಹತ್ತಿದೆ. ಹೌದು, ನಾನು ಹಳೆಯದರಿಂದ ಒರೆಸಿದ್ದೆಲ್ಲ ಅದಕ್ಕೂ ಮೊದಲೇ ಹೊಸದರ ಹಿಸ್ಟರಿಗೆ ಬಂದು ಕೂತಿತ್ತು. ಆದರೆ ಒಂದು ಸಾವಿರಕ್ಕೂ ಹೆಚ್ಚು ಸಾಲುಗಳು. ಮೂರು ವಾರಗಳಲ್ಲಿ ಹೊಸಂಗಡಿಯ ಹೆಂಗಸರು ನೋಡಿದ ಅಷ್ಟೂ ರವಿಕೆ, ಜೊತೆಗೆ ಯಾರೋ ಕದ್ದು ನೋಡಿದ ಮೀನುಸಾರಿನ ವಿಧಾನ, ಲೋಕಯ್ಯಣ್ಣನ ಆಟೋ ಟಯರು.

"ಎಲ್ವಿಟಾ ಬಂದದ್ದು ಯಾವತ್ತು ಅಕ್ಕ?"

ದಮಯಂತಿಯಕ್ಕ ಅಳತೆ ಪುಸ್ತಕ ಎಳೆದರು. ಯಾರ ಎದೆ, ಯಾರ ತೋಳು, ಯಾವ ತಾರೀಕು, ಪೆನ್ಸಿಲಿನಲ್ಲಿ. "ಇಲ್ಲಿ ಉಂಟು. ಇಪ್ಪತ್ತೆಂಟು, ಸೋಮವಾರ. ಅವಳಿಗಿಂತ ಮೊದಲು ದೇವಕಿ ಟೀಚರು, ಅವಳ ನಂತರ ಯಾರೂ ಇಲ್ಲ. ಹಾಗಾದರೆ ಆ ದಿನದ ಕೊನೆಯದ್ದು ಅವಳದ್ದೇ."

ಹಿಸ್ಟರಿಯಲ್ಲಿ ಅಕ್ಟೋಬರ್ ಇಪ್ಪತ್ತೆಂಟಕ್ಕೆ ಇಳಿದೆವು. ಮೌಸು ಅವರ ಕೈಯಲ್ಲೇ ಇತ್ತು, ನಾನು ಬೆರಳು ತೋರಿಸಿದಲ್ಲಿ ಅವರು ಒತ್ತಿದರು. ಆ ದಿನದ ಕೊನೆಯ ಸಾಲು. ಪುಟ ನಿಧಾನವಾಗಿ ಇಳಿದು ಬಂತು: ಬೆನ್ನಿನಲ್ಲಿ ಎಲೆ, ಮೊನೆ ಕೆಳಗೆ, ಅದರ ಕೆಳಗೆ ಬಟ್ಟೆ ಸುತ್ತಿದ ಐದು ಗುಂಡಿ.

"ಕೆಳಗೆ," ಎಂದರು ಅಕ್ಕ. ಆಮೇಲೆ, "ನಾನು ಮೇಲೆ ಅಂತ ಕತ್ತರಿಸುತ್ತಿದ್ದೆ."

ಕತ್ತರಿ ಹಾಕಿದ್ದು ಮರುದಿನ, ಬೆಳಕು ಚೆನ್ನಾಗಿರುವಾಗ.

ಮದುವೆಯ ಹಿಂದಿನ ಗುರುವಾರ ಎಲ್ವಿಟಾ ತಾಯಿಯೊಂದಿಗೆ ಬಂದು ಮೂಲೆಯ ಬಟ್ಟೆಪರದೆಯ ಹಿಂದೆ ಹೋಗಿ ರವಿಕೆ ತೊಟ್ಟು ಹೊರಬಂದಳು. ಬೆನೆಡಿಕ್ಟಾ ಬಾಯಮ್ಮ ಮಗಳ ಬೆನ್ನನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಅಮ್ಮ ಇದ್ದಿದ್ದರೆ ಬೆನ್ನು ಇಷ್ಟು ಯಾಕೆ ಬಿಟ್ಟದ್ದು ಅಂತ ಕೇಳುತ್ತಿದ್ದಳು," ಎಂದರು.

"ನಾನೇ ಆರಿಸಿದ್ದು ಮಾಮ್ಮಿ," ಎಂದಳು ಎಲ್ವಿಟಾ. "ದಮಯಂತಿಯಕ್ಕ ಒಂದು ಗುಂಡಿಯೂ ಮರೆತಿಲ್ಲ ನೋಡಿ."

ದಮಯಂತಿಯಕ್ಕ ಇನ್ನೊಂದು ಗುಂಡುಸೂಜಿ ಬಾಯಿಗಿಟ್ಟುಕೊಂಡರು. ನಾನು ಫಾಲ್ಸಿನ ಮೇಲೆ ಇನ್ನಷ್ಟು ಬಗ್ಗಿದೆ.

ಅವರು ಹೋದ ಮೇಲೆ ಅಕ್ಕ ಹಗ್ಗದಿಂದ ಎಲ್ವಿಟಾಳ ಚೀಟಿ ಕಿತ್ತು ಕಸಕ್ಕೆ ಹಾಕಿದರು. ಮೌಸನ್ನು ಮೇಜಿನ ಆಚೆಯಿಂದ ನನ್ನ ಕಡೆಗೆ ಜಾರಿಸಿದರು.

"ಎಲ್ವಿಟಾದ್ದು ಈಗ ಮುಚ್ಚು."

ಮುಚ್ಚಿದೆ. ಅಳತೆ ಪುಸ್ತಕ ನೋಡಿಕೊಂಡು ಅಕ್ಕ ಹಿಸ್ಟರಿಯಿಂದ ಒಂದೊಂದಾಗಿ ಹುಡುಕಿ ತೆಗೆದ ಉಳಿದ ಮೂವತ್ತೇಳು ಹೊಸ ಬ್ರೌಸರಿನಲ್ಲಿ ಸಾಲಾಗಿ ತೂಗುತ್ತಿದ್ದವು. ಎಣಿಸಿದರೆ ಮೂವತ್ತೆಂಟು, ಒಂದು ಹೆಚ್ಚು. ಆ ಒಂದನ್ನು ತೆರೆದು ನೋಡಿದೆ. ಒಂದು ವರ್ಷದ ಮಗುವಿನ ಫ್ರಾಕು, ಕುತ್ತಿಗೆಗೆ ಕೆಂಪು ಅಂಚು.

"ಇದು ಯಾರದ್ದು ಅಕ್ಕ? ಪುಸ್ತಕದಲ್ಲಿ ಇಲ್ಲ."

"ಅಳತೆ ತೆಗೆಯಲಿಕ್ಕೆ ಬಿಡುವುದಿಲ್ಲ ಅದು, ಒದೆಯುತ್ತದೆ," ಎಂದು ಅವರು ಬುಟ್ಟಿಯ ಕಡೆ ಗದ್ದ ಆಡಿಸಿದರು. "ಮಾರ್ಚಿನಲ್ಲಿ ವರ್ಷ ತುಂಬುವವರೆಗೆ ಮುಟ್ಟಬೇಡ."