ಗಿರಿಜಕ್ಕನ ಹೆಬ್ಬೆರಳು

ಗಿರಿಜಕ್ಕನ ಕಾಲಿನ ಹೆಬ್ಬೆರಳು ನನಗೆ ಚೆನ್ನಾಗಿ ಗೊತ್ತಿತ್ತು. ಮುಖ ಗೊತ್ತಿರಲಿಲ್ಲ.

ಕೊರೊನಾದ ಆ ವರ್ಷ ಮಣಿಪಾಲದಲ್ಲಿ ನಮಗಿಬ್ಬರಿಗೂ ಒಂದೇ ದಿನ ಕೀಮೋ. ಜೊತೆಗೆ ಬಂದವರನ್ನು ಒಳಗೆ ಬಿಡುತ್ತಿರಲಿಲ್ಲ. ಕುರ್ಚಿಗಳ ನಡುವೆ ಮಂಚ ಹಿಡಿಯುವಷ್ಟು ಜಾಗ, ಎಲ್ಲರಿಗೂ ಮಾಸ್ಕ್. ಡ್ರಿಪ್ ಹಾಕುವ ಮೊದಲು ಕಾಯುವ ಹೊತ್ತಿನಲ್ಲಿ ಈ ಹೆಂಗಸು ಕಾಲು ಮಡಚಿ ಕೂತು, ಸೆರಗಿನ ಗಂಟಿನಿಂದ ಬಾಳೆನಾರು ತೆಗೆದು, ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಗಂಟು ಹಾಕುತ್ತಾ ಹೋದರು. ಹೂವಿಲ್ಲ, ಬರೇ ಗಂಟು.

ನನಗೆ ತಡೆಯಲಾಗಲಿಲ್ಲ. "ಹೂವೇ ಇಲ್ಲದೆ ಎಂತ ಕಟ್ಟುವುದು?"

"ಬೆರಳಿಗೆ ಪರೀಕ್ಷೆ, ಅಕ್ಕ. ಈ ಮದ್ದು ಶುರುವಾದ ಮೇಲೆ ತುದಿ ಜೋಮು ಹಿಡಿದ ಹಾಗೆ. ಗಂಟು ಬಿಗಿಯಾಯ್ತಾ ಇಲ್ವಾ ಗೊತ್ತೇ ಆಗುವುದಿಲ್ಲ."

ಶಂಕರಪುರದವರು. ಲಂಗ ಉಡುವ ವಯಸ್ಸಿನಿಂದ ಮಲ್ಲಿಗೆ ಕಟ್ಟಿದವರು. ಜೋಮು ಹೋದರೂ ಹೋಗಬಹುದು, ಉಳಿದರೂ ಉಳಿಯಬಹುದು ಎಂದಿದ್ದರಂತೆ ಡಾಕ್ಟರು. ಕ್ಯಾನ್ಸರಿಗಿಂತ ಅದೇ ಅವರಿಗೆ ಹೆದರಿಕೆ. "ಹೂ ಕಟ್ಲಿಕ್ಕೆ ಆಗದಿದ್ದರೆ ಬದುಕಿ ಎಂತ ಮಾಡುವುದು? ಟಿವಿ ನೋಡುವುದಾ?"

"ಈಗ ಹೂ ತೆಗೆದುಕೊಳ್ಳುವವರಾದರೂ ಎಲ್ಲಿದ್ದಾರೆ?" ಎಂದೆ.

"ಗಿಡಕ್ಕೆ ಲಾಕ್‌ಡೌನ್ ಉಂಟಾ? ಅದು ಬಿಡ್ತದೆ. ಸೊಸೆ ಕಟ್ಟಿ ಬಾವಿಕಟ್ಟೆಗೆ ಹಾಕ್ತಾಳೆ. ನಮ್ಮ ಬಾವಿಗೆ ದಿನಾ ಮದುವೆ!"

ಮದ್ದಿಗೆ ನನ್ನ ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು. ಕುತೂಹಲಕ್ಕೆ ಮಾತ್ರ ಏನೂ ಆಗಲಿಲ್ಲ. ಆ ಮಾಸ್ಕಿನ ಹಿಂದೆ ಎಂಥ ಮುಖ ಇರಬಹುದು? ನೀರು ಕುಡಿಯುವಾಗ ನೋಡೋಣವೆಂದರೆ ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದರು.

"ಒಮ್ಮೆ ಇಳಿಸಿ ಮಾರಾಯ್ರೆ, ನೋಡುವ."

"ಎಂತ, ಹೆಣ್ಣು ನೋಡ್ಲಿಕ್ಕೆ ಬಂದದ್ದಾ? ಕೊನೆಯ ದಿನ ತೋರಿಸ್ತೇನೆ. ಅಲ್ಲಿವರೆಗೆ ತಪ್ಪಿಸದೆ ಬನ್ನಿ."

ನಾಲ್ಕನೆಯ ಕೀಮೋ ಆದ ಮೇಲೆ ನನಗೆ ಸಾಕುಸಾಕಾಯಿತು. ಇನ್ನು ಹೋಗುವುದಿಲ್ಲ ಎಂದು ಕಾಪುವಿನ ಮನೆಯಲ್ಲಿ ಹಟ ಹಿಡಿದು ಮಲಗಿದೆ. ಆದರೆ ಕೀಮೋದ ದಿನ ಬಂದಾಗ, ಆ ಮುಖ ನೋಡದೆ ಹೇಗೆ ಬಿಡುವುದು ಎಂದು ಎದ್ದು ಅಳಿಯನ ಕಾರು ಹತ್ತಿದೆ. ಉದ್ಯಾವರದಲ್ಲಿ ಪೊಲೀಸರು ತಡೆದರು. "ಎಲ್ಲಿಗೆ ಅಜ್ಜಿ?"

"ಹೆಣ್ಣು ನೋಡ್ಲಿಕ್ಕೆ," ಎಂದೆ. ಅಳಿಯ ಗಡಿಬಿಡಿಯಲ್ಲಿ ಆಸ್ಪತ್ರೆಯ ಚೀಟಿ ತೋರಿಸಿದ.

ಕೊನೆಯ ದಿನ ಗಿರಿಜಕ್ಕ ಮಾತು ಉಳಿಸಿಕೊಂಡರು. ಹೊರಗಿನ ಜಗಲಿಯಲ್ಲಿ ದೂರದ ಕಂಬದ ಹತ್ತಿರ ನಿಂತು ಮಾಸ್ಕ್ ಇಳಿಸಿದರು. ಅದೇ ಗಳಿಗೆಗೆ ನನ್ನ ಉಸಿರು ತಾಗಿ ಕನ್ನಡಕವೆಲ್ಲ ಮಂಜು! ಒರೆಸಿ ಹಾಕುವಷ್ಟರಲ್ಲಿ ಮಾಸ್ಕ್ ಮೇಲೆ ಹೋಗಿತ್ತು.

"ನೋಡಿ ಆಯ್ತಲ್ವಾ? ಹೇಗುಂಟು?"

ಕಾಣಲಿಲ್ಲ ಎನ್ನಲು ಮನಸ್ಸು ಬರಲಿಲ್ಲ. "ಚಂದ ಉಂಟು! ಹಲ್ಲಂತೂ ಮಲ್ಲಿಗೆ ಮೊಗ್ಗು ಸಾಲಾಗಿ ಕಟ್ಟಿದ ಹಾಗೆ."

ಗಿರಿಜಕ್ಕ ಕಂಬ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಅಷ್ಟು ನಗುವಂಥದ್ದು ಏನು ಹೇಳಿದೆ ಎಂದು ತಿಳಿಯಲಿಲ್ಲ. ಅವರನ್ನು ಎದುರಿಗೆ ಕಂಡದ್ದು ಅದೇ ಕೊನೆ.

ಬಸ್ಸು ಶುರುವಾದ ಮೇಲೆ ಒಂದು ದಿನ ಬಾಳೆಲೆಯ ಕಟ್ಟು ಬಂತು. ಗೇಣುದ್ದದ ಮಲ್ಲಿಗೆ, ಅಂಕುಡೊಂಕು. ಬಿಚ್ಚುವಾಗಲೇ ಎರಡು ಹೂ ಉದುರಿದವು. ಫೋನಿನಲ್ಲಿ ಗಿರಿಜಕ್ಕ: "ಬೆರಳಿಗೆ ಇನ್ನೂ ಗೊತ್ತಾಗುವುದಿಲ್ಲ, ಅಕ್ಕ. ಕಣ್ಣಿನಲ್ಲಿ ನೋಡಿ ನೋಡಿ ಕಟ್ಟಿದ್ದು. ಆದರೆ ಕಟ್ಟಿದೆ ಅಲ್ವಾ?" ಮುಡಿಯಲು ನನಗಿನ್ನೂ ಕೂದಲಿರಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡು ಇಡೀ ದಿನ ತಿರುಗಾಡಿದೆ.

ಎರಡು ವರ್ಷದ ನಂತರ ಅವರಿಗೆ ಕಾಯಿಲೆ ಮರುಕಳಿಸಿತು. ತೀರಿಕೊಂಡ ಸುದ್ದಿಯನ್ನು ಸೊಸೆ ತಿಳಿಸಿದಳು. ಒಂದು ಫೋಟೋ ಕಳಿಸು ಮಗಾ ಎಂದೆ.

ಫೋನಿಗೆ ಬಂದ ಫೋಟೋದಲ್ಲಿ ಮೂವರು ಹೆಂಗಸರು ಅಂಗಳದಲ್ಲಿ ಕೂತು ಹೂ ಕಟ್ಟುತ್ತಿದ್ದರು. ಅವರಲ್ಲಿ ಗಿರಿಜಕ್ಕ ಯಾರು ಎಂದು ನಾನು ಕೇಳಲಿಲ್ಲ. ಮೊಮ್ಮಗಳು ಕಲಿಸಿದ ಹಾಗೆ ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಮೊದಲು ಕಾಲು ನೋಡಿದೆ. ನಡುವಿನವರ ಹೆಬ್ಬೆರಳಿಗೆ ನಾರು ಸಿಕ್ಕಿಸಿತ್ತು. ಅಲ್ಲಿಂದ ಮೆಲ್ಲನೆ ಮೇಲೆ ಬಂದೆ. ಮಡಿಲಲ್ಲಿ ಹೂ, ಕೈ, ಕುತ್ತಿಗೆ, ಬಾಯಿ ತುಂಬ ನಗು.

ಎದುರಿನ ಎರಡು ಹಲ್ಲು ಇರಲಿಲ್ಲ.