ನಾಣ್ಯದ ತಪ್ಪು ಯಾರದ್ದು?

ಚಿಲ್ಲರೆ ಕೈಗೆ ಬಂದರೆ ಜೇಬಿಗೆ ಹಾಕುವ ಮೊದಲು ಹಿಂದೆ ಮುಂದೆ ತಿರುಗಿಸಿ ನೋಡುವ ಚಟ ನನ್ನದು. ಒಮ್ಮೆ ಉಲ್ಲಾಳದ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಎರಡು ರೂಪಾಯಿಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. "ಯಾಕ್ ಸಾರ್, ನಾನೇನ್ ಮನೇಲಿ ಮಾಡ್ಕೊಂಡ್ ಬರ್ತೀನಾ?" ಎಂದು ಆತ ಗದರಿದ. ಬಸ್ಸೆಲ್ಲ ನಕ್ಕಿತು. ನಾನು ಹುಡುಕುತ್ತಿದ್ದುದು ಖೋಟಾ ನಾಣ್ಯವನ್ನಲ್ಲ, ಟಂಕಸಾಲೆಯಲ್ಲೇ ಎಡವಟ್ಟಾಗಿ ಹುಟ್ಟಿದ ನಾಣ್ಯವನ್ನು. ನಿಂತು ಪ್ರಯಾಣ ಮಾಡುವವರಿಗೆ ಇದನ್ನು ವಿವರಿಸುವುದು ಕಷ್ಟ. ಈಗಂತೂ ಸೊಪ್ಪು ಮಾರುವವರೂ ಫೋನಿಗೇ ದುಡ್ಡು ಹಾಕಿಸಿಕೊಳ್ಳುತ್ತಾರೆ, ನನ್ನ ಬೇಟೆಗೆ ಕಾಡೇ ಇಲ್ಲವಾಗಿದೆ.

ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಕ್ಕಳ ಸೊಟ್ಟ ಗೆರೆಗಳು ಮುಗಿದ ಮೇಲೆ ಸರ್ಕಾರದ ಸೊಟ್ಟ ಗೆರೆಗಳಿಗೆ ಕೈ ಹಾಕಿದೆ. ತಪ್ಪು ಕಂಡರೆ ಸಾಲದು, ಕಾರಣ ಹೇಳಬೇಕು, ಮಜಾ ಇರುವುದು ಅಲ್ಲಿ. ಅಂಚನ್ನು ಯಾರೋ ಕಚ್ಚಿ ತಿಂದ ಹಾಗಿದ್ದರೆ, ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೇ ಮತ್ತೆ ಕತ್ತರಿ ಬಿದ್ದಿದೆ. ಚಿತ್ರ ಒಂದು ಪಕ್ಕಕ್ಕೆ ಜರುಗಿದ್ದರೆ, ಬಿಲ್ಲೆ ಅಚ್ಚಿನ ನಡುವೆ ಸರಿಯಾಗಿ ಕೂತಿರಲಿಲ್ಲ. ಇರಬಾರದ ಜಾಗದಲ್ಲಿ ಉಬ್ಬುಗೆರೆಯೊಂದು ಎದ್ದಿದ್ದರೆ, ಅಚ್ಚೇ ಬಿರುಕು ಬಿಟ್ಟಿದೆ. "ಪ್ರಪಂಚದ ತಪ್ಪಿಗೆಲ್ಲ ಕಾರಣ ಗೊತ್ತು ಇವರಿಗೆ, ಅಡುಗೆಮನೆ ನಲ್ಲಿ ಯಾಕ್ ಸೋರ್ತಿದೆ ಅಂತ ಮಾತ್ರ ಗೊತ್ತಾಗಲ್ಲ," ಎನ್ನುತ್ತಾಳೆ ನನ್ನ ಹೆಂಡತಿ. ಆ ನಲ್ಲಿ ಈಗಲೂ ಸೋರುತ್ತಿದೆ.

ಹಿಂದೆ ಸುತ್ತಿಗೆಯಿಂದ ಹೊಡೆದು ನಾಣ್ಯ ಮಾಡುತ್ತಿದ್ದ ಕಾಲದಲ್ಲಿ ಒಂದರಂತೆ ಒಂದು ಇರುತ್ತಲೇ ಇರಲಿಲ್ಲ. ಆನೆಯ ಚಿತ್ರವಿದ್ದರೆ ಒಂದರಲ್ಲಿ ಸೊಂಡಿಲು ಹೊರಗೆ, ಇನ್ನೊಂದರಲ್ಲಿ ಬಾಲವೇ ನಾಪತ್ತೆ. ಅದನ್ನು ಯಾರೂ ತಪ್ಪು ಎನ್ನಲಿಲ್ಲ, ಅರ್ಧ ಆನೆ ಕೊಟ್ಟೇ ಅಕ್ಕಿ ತಂದರು. ಎಲ್ಲವೂ ಒಂದೇ ಥರ ಇರಬೇಕೆಂದು ಯಂತ್ರ ಹಟ ಹಿಡಿದ ಮೇಲೆ ತಪ್ಪುಗಳು ಹುಟ್ಟಿದವು, ಹಿಂದೆಯೇ ನನ್ನಂಥವರೂ ಹುಟ್ಟಿದರು.

ನನ್ನ ಈ ಖ್ಯಾತಿ ಬಸವೇಶ್ವರನಗರದ ನಮ್ಮ ಬೀದಿ ದಾಟಿ ಹೋಗಿರಲಿಲ್ಲ. ಹೋದ ತಿಂಗಳು ದಾಟಿತು. ನನ್ನ ಹೆಂಡತಿಗೆ ರವಿಕೆ ಹೊಲಿದುಕೊಡುವ ಲಗ್ಗೆರೆಯ ಜಯಮ್ಮ, ಮಗ ಮಂಜುನಾಥನ ಜೊತೆ ಮನೆಗೆ ಬಂದರು. ಸೆರಗಿನ ತುದಿಯ ಗಂಟು ಬಿಚ್ಚಿ ಐದು ರೂಪಾಯಿಯ ಹಳೆಯ, ದಪ್ಪ ನಾಣ್ಯವೊಂದನ್ನು ನನ್ನ ಮುಂದಿಟ್ಟರು.

"ಇಂಥದ್ದಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ ಸಾರ್, ವಿಡಿಯೋ ನೋಡ್ದೆ," ಎಂದ ಮಂಜುನಾಥ. "ಭಾನುವಾರ ತಗೊಳ್ಳೋ ಪಾರ್ಟಿ ಬರ್ತಾ ಇದಾರೆ. ಟಂಕಸಾಲೆದೇ ಮಿಸ್ಟೇಕು ಅಂತ ನೀವು ಹೇಳಿದ್ರೆ ಕೊಟ್ಬಿಡೋಣ ಅಂತ ಅಮ್ಮನೂ ಒಪ್ಪಿದಾರೆ."

ಒಪ್ಪಿದವರ ಮುಖ ಹಾಗಿರಲಿಲ್ಲ. "ನಮ್ಮನೆಯವರು ಕೊಟ್ಟಿದ್ದು ಮೇಷ್ಟ್ರೇ, ಮದುವೆಯಾದ ವರ್ಷ," ಎಂದರು ಜಯಮ್ಮ. "ಅವರು ಹೋದ್ಮೇಲೆ ಕೈಯಲ್ಲಿ ಹಿಡ್ಕೊಳ್ಳೋಕೆ ನಂಗೆ ಇದೊಂದೇ ಇರೋದು. ಆದ್ರೆ ಹುಡುಗ ಬೈಕಿಗೆ ಆಸೆ ಪಡ್ತಾನೆ. ಇರೋದು ಇದ್ದಂಗೆ ಹೇಳ್ಬಿಡಿ."

ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ಅವರು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕುಂಕುಮವಿಟ್ಟು, ಕಲಶದ ಮುಂದೆ ಇಡುತ್ತಿದ್ದರಂತೆ. ತಿಕ್ಕಿದ ನಾಣ್ಯದ ಬೆಲೆ ಬಿದ್ದುಹೋಗುತ್ತದೆ, ನಾಣ್ಯ ಸಂಗ್ರಹಿಸುವವರು ಕೇಳಿದರೆ ಎದೆ ಹಿಡಿದುಕೊಂಡು ಕೂರಬೇಕು. ಆದರೆ ಆ ಕುಂಕುಮವೇ ನನಗೆ ದಾರಿ ತೋರಿಸಿತು. ಸಿಂಹಗಳಿರಬೇಕಾದ ಮಗ್ಗುಲಲ್ಲಿ ಐದರ ಅಂಕಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ, ಕೆಂಪಗೆ ತುಂಬಿಕೊಂಡಿತ್ತು. ಕುಂಕುಮ ನಿಂತಿದೆ ಎಂದರೆ ಅಂಕಿ ಒಳಕ್ಕೆ ಇಳಿದಿದೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದೆ ಬಂದ ಬಿಲ್ಲೆಯ ಮೇಲೆ ತಾನೇ ಒತ್ತಿದಾಗ ಹೀಗಾಗುತ್ತದೆ. ಅಪರೂಪದಲ್ಲಿ ಅಪರೂಪ! ಬಾಯಿಬಿಟ್ಟು ಹೇಳಿಯೇಬಿಡುತ್ತಿದ್ದೆ. ಜಯಮ್ಮ ಮುಟ್ಟದೆ ಬಿಟ್ಟ ಕಾಫಿ ಕಣ್ಣಿಗೆ ಬಿದ್ದು, ಪೂರ್ತಿ ಖಾತ್ರಿಯಾಗದೆ ಹೇಳಬಾರದೆಂದು ತಡೆದೆ.

ನಾಣ್ಯವನ್ನು ಸೋರುವ ನಲ್ಲಿಯ ಕೆಳಗೇ ತೊಳೆದು ಮತ್ತೆ ನೋಡಿದೆ. ಉಲ್ಟಾ ಅಂಕಿಯ ಸುತ್ತ ಸಿಂಹಗಳು ಇದ್ದವು, ಚಪ್ಪಟೆಯಾಗಿ, ಮೂಗು ಸವೆದು. ಟಂಕಸಾಲೆಯ ತಪ್ಪಾಗಿದ್ದರೆ ಅಲ್ಲಿ ಸಿಂಹಗಳೇ ಮೂಡುತ್ತಿರಲಿಲ್ಲ. ಇದು ಸರಿಯಾಗಿ ಹುಟ್ಟಿ, ಹೊರಗೆ ಬಂದ ಮೇಲೆ ಇನ್ನೊಂದು ನಾಣ್ಯದ ಜೊತೆ ಒತ್ತಿಸಿಕೊಂಡದ್ದು.

"ನಿಮ್ಮನೆಯವರು ಏನು ಕೆಲಸ ಮಾಡ್ತಿದ್ರಮ್ಮ?"

"ಪೀಣ್ಯದಲ್ಲಿ ಫಿಟ್ಟರು. ಯಾಕೆ?"

"ಕಬ್ಬಿಣದ ತುಂಡನ್ನ ಕಚ್ಚಿ ಹಿಡಿಯೋ ವೈಸ್ ಇರುತ್ತಲ್ಲ, ಅದರಲ್ಲಿ ಎರಡು ನಾಣ್ಯ ಜೋಡಿಸಿ ಬಿಗಿದಿದಾರೆ. ಇದು ಅವರೇ ಕೂತು ಮಾಡಿದ್ದು."

ಮಂಜುನಾಥ ತಲೆಯ ಮೇಲೆ ಕೈ ಹೊತ್ತುಕೊಂಡ. "ಹಾಗಾದ್ರೆ ಬರೀ ಐದೇ ರೂಪಾಯಿನಾ ಸಾರ್?"

"ಅದೂ ಇಲ್ಲಪ್ಪ. ಇದನ್ನ ಅಂಗಡಿಯವರೂ ತಗೊಳ್ಳಲ್ಲ."

ಜಯಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ. ನಗುತ್ತಿದ್ದರು. "ಕಳ್ಳ! ಗೌರ್ಮೆಂಟಿಂದ್ಲೇ ಹಿಂಗೆ ಬಂದಿದ್ದು ಅಂತ ನನ್ನ ನಂಬಿಸಿದ್ರಲ್ಲ! ಅಷ್ಟು ಸಂಬಳಕ್ಕೆ ಇನ್ನೇನ್ ತಾನೆ ತಂದ್ಕೊಡಕ್ಕಾಗ್ತಿತ್ತು ಪಾಪ." ಮಗನ ಬೆನ್ನ ಮೇಲೆ ಒಂದು ಏಟು ಕೊಟ್ಟು, "ಬೈಕನ್ನ ಕಂತಲ್ಲಿ ತಗೊಳ್ಳೋಣ ಬಿಡೋ," ಎಂದರು. ಬೆಲೆ ಇಲ್ಲ ಎಂದು ಕೇಳಿ ಇಷ್ಟು ಸಂತೋಷಪಟ್ಟವರನ್ನು ನಾನು ಹಿಂದೆ ಕಂಡಿರಲಿಲ್ಲ. ನನಗೂ ಹಬ್ಬದಷ್ಟು ಖುಷಿಯಾಯಿತು.

ಹೊರಡುವ ಮುನ್ನ ಜಯಮ್ಮ ನನ್ನ ಭೂತಗನ್ನಡಿ ಇಸಿದುಕೊಂಡು ಗಂಡನ ಕೆಲಸವನ್ನು ಬಹಳ ಹೊತ್ತು ನೋಡಿದರು. ನಿತ್ಯ ಹೊಲಿಗೆ ನೋಡುವ ಕಣ್ಣು ಸುಮ್ಮನೆ ಬಿಡುತ್ತದೆಯೇ?

"ಅಂಕಿ ಸ್ವಲ್ಪ ಸೊಟ್ಟ ಬಿದ್ದಿದೆ ಅಲ್ವಾ ಮೇಷ್ಟ್ರೇ? ಅದ್ಯಾಕೆ?"

ಕಾರಣ ಹುಡುಕುವ ವಿದ್ಯೆಯಲ್ಲಿ ಅಂದಿನಷ್ಟು ಖಾತ್ರಿಯಾಗಿ ನಾನು ಎಂದೂ ಉತ್ತರ ಕೊಟ್ಟಿಲ್ಲ.

"ಹೊಸದಾಗಿ ಮದುವೆ ಆಗಿತ್ತಲ್ಲಮ್ಮ," ಎಂದೆ, "ಕೈ ನಡುಗಿರುತ್ತೆ."